ಎರೆಯ ಮೊಲದ ತವರು

ಕಡಲೆಯ ಹೊಲದಲ್ಲಿ ಬೆಳಗಿನ ಹೊತ್ತು ಅಡ್ಡಾಡುವವರಿಗೆ ಒಂದು ಸಂಗತಿ ತಾನಾಗಿಯೇ ತಿಳಿದುಬರುತ್ತದೆ. ಹೆಂಗಸರು ಪಲ್ಯಕ್ಕೆಂದು ಚಿವುಟಿದ ಕುಡಿಯ ತುದಿ ಒಂದಿಷ್ಟು ಹರಿದು ಜೋಲುತ್ತಿರುತ್ತದೆ. ಮೊಲ ಕಡಿದದ್ದಾದರೆ ದರ್ಜಿಯ ಕತ್ತರಿ ಆಡಿದಂತೆ ಓರೆಯಾಗಿ, ಅಚ್ಚುಕಟ್ಟಾಗಿ ಇರುತ್ತದೆ. ನರೇಗಲ್ಲಿನ ನಮ್ಮ ಕರಿಮಣ್ಣಿನ ಎರೆ ಹೊಲದಲ್ಲಿ ಇಂಥ ಓರೆ ಕುಡಿಗಳನ್ನು ಕಂಡಾಗಲೆಲ್ಲ ನಾನು ಒಂದು ಮಣ್ಣಿನ ಹೆಂಟೆಯನ್ನೆತ್ತಿ, ಇಲ್ಲದ ಮೊಲದ ಮೇಲೆ ಎಸೆದು, ಒಮ್ಮೆ ಗದರಿಸಿ ಮನೆಗೆ ಬರುವುದು ರೂಢಿ. ಮೂವತ್ತು ವರ್ಷ ಸಾಲಿ ಮಾಸ್ತರಿಕೆ ಮಾಡಿದವನಿಗೆ ಗದರಿಸಲು ಎದುರಿಗೆ ಯಾರಾದರೂ ಇರಲೇಬೇಕೆಂದಿಲ್ಲ.

ಮೊಲದ ವಿಷಯದಲ್ಲಿ ನನ್ನ ಪಾಂಡಿತ್ಯವೆಲ್ಲ ನಿಘಂಟಿನದು. ಶಶ, ಶಶಾಂಕ, ಶಶಧರ ಎಂದು ಚಂದ್ರನ ತನಕ ಹೋಗಿಬರಬಲ್ಲೆ. ಇಲ್ಲದ ವಸ್ತುವಿಗೆ ದೃಷ್ಟಾಂತವಾಗಿ ತರ್ಕಶಾಸ್ತ್ರದವರು ಅದರ ತಲೆಗೆ ಹಚ್ಚಿದ ಕೊಂಬಿನ ಬಗ್ಗೆ ಅರ್ಧ ತಾಸು ಮಾತಾಡಬಲ್ಲೆ. ಆದರೆ ಪಂಜರದಲ್ಲಿ ಸಾಕುವ ಬಿಳಿಯ ಪ್ರಾಣಿ ಬೇರೆ, ಹೊಲದಲ್ಲಿ ನೆಗೆಯುವ ಕಂದು ಪ್ರಾಣಿ ಬೇರೆ, ಈ ಹೊಲದ್ದು ಬಿಲ ತೋಡುವುದಿಲ್ಲ, ಬಯಲಲ್ಲೇ ಹುಲ್ಲೊತ್ತಿ ಮಲಗುತ್ತದೆ, ಅದರ ಮರಿ ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ ಎಂಬುದನ್ನೆಲ್ಲ ನನಗೆ ಹೇಳಿಕೊಟ್ಟವಳು ನಮ್ಮಣ್ಣನ ಮಗಳು ಸುಜಾತಾ. ಆಕೆ ಧಾರವಾಡದಲ್ಲಿದ್ದು ಜೀವಶಾಸ್ತ್ರದಲ್ಲಿ ಸಂಶೋಧನೆ ಮಾಡುತ್ತಾಳೆ. ಮೊಲಗಳು ಎಲ್ಲಿ ಹುಟ್ಟಿ, ಯಾವ ದಾರಿಯಲ್ಲಿ ಹಬ್ಬಿ, ಎಲ್ಲೆಲ್ಲಿ ನೆಲೆ ನಿಂತವು ಎಂಬುದನ್ನು ಅವುಗಳ ವಂಶವಾಹಿಯಿಂದ ಓದಿ ತೆಗೆಯುವುದು ಆಕೆಯ ಕೆಲಸ. ಅದಕ್ಕೆ ಮೊಲವನ್ನು ಹಿಡಿಯಬೇಕಾಗಿಲ್ಲ, ಹಿಕ್ಕೆ ಸಿಕ್ಕರೆ ಸಾಕಂತೆ. ಹಿಕ್ಕೆಯ ಮೈಗೆ ಕರುಳಿನ ಒಂದಿಷ್ಟು ಕಣ ಅಂಟಿಕೊಂಡು ಬಂದಿರುತ್ತದೆ, ಆ ಕಣದಲ್ಲಿ ಅದರ ಇಡೀ ಕುಲಗೋತ್ರ. ಇದನ್ನು ಕೇಳಿದ್ದು ಊಟದ ಹೊತ್ತಿನಲ್ಲಿ. ನಾನು ತಾಟನ್ನು ತುಸು ಆಚೆ ಸರಿಸಿದ್ದು ಖರೆ.

ಗಜೇಂದ್ರಗಡದ ಗುಡ್ಡದ ಮೊಲವೂ ನಮ್ಮ ಎರೆ ಸೀಮೆಯ ಮೊಲವೂ ಒಂದೇ ತಾಯಿಬೇರಿನವೋ ಬೇರೆ ಬೇರೆಯೋ ಎಂಬುದು ಆಕೆಯ ಪ್ರಶ್ನೆ. ಸಂಕ್ರಾಂತಿ ಮುಗಿದ ಮೇಲೆ ಬಂದು, ಗುಡ್ಡವನ್ನೂ ಹೊಲವನ್ನೂ ಅಲೆದು, ಒಂದೊಂದು ಜಾಗದ ಹಿಕ್ಕೆಯನ್ನು ಒಂದೊಂದು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಪಡಸಾಲೆಯ ಮೂಲೆಯಲ್ಲಿ ನೆರಳಿಗಿಟ್ಟಳು. ಗುಡ್ಡದಲ್ಲಿ ಮಾದರಿ ಆರಿಸಲು ಅರಣ್ಯದವರು ಕೊಟ್ಟ ಅಪ್ಪಣೆ ಆ ತಿಂಗಳಿಗೆ ಮುಗಿಯುವುದಿತ್ತು. ಗುಡ್ಡದ ಪೊಟ್ಟಣಗಳಿಲ್ಲದಿದ್ದರೆ ಆಕೆಯ ಪ್ರಬಂಧದ ಒಂದು ಅಧ್ಯಾಯವೇ ಬಿದ್ದುಹೋಗುತ್ತಿತ್ತು. ಪ್ರಬಂಧವೆಂದರೆ ಇದರ ಹಾಗೆ ಬಾಯಿಗೆ ಬಂದದ್ದನ್ನು ಬರೆಯುವ ಪ್ರಬಂಧವಲ್ಲ, ನಾಲ್ಕು ಜನ ಕೂತು ಪ್ರಶ್ನೆ ಕೇಳುವಂಥದ್ದು.

ಈಗ ನಮ್ಮ ಅತ್ತಿಗೆ ಗಂಗವ್ವನ, ಎಂದರೆ ಸುಜಾತಾಳ ತಾಯಿಯ, ವಿಚಾರ ಹೇಳಬೇಕು. ನಮ್ಮ ಕಡೆ ಕಾಳಿನಂಥದ್ದು ಏನೇ ಮನೆಗೆ ಬರಲಿ, ಅದಕ್ಕೊಂದು ಸಂಸ್ಕಾರವಿದೆ: ಮಾಳಿಗೆಯ ಮೇಲೆ ಹರವಿ ಬಿಸಿಲಿಗೆ ಕಾಸಿ, ಹುಳ ಬೀಳದಂತೆ ಒಲೆಯ ಬೂದಿಯನ್ನೂ ಬೇವಿನ ಎಲೆಯನ್ನೂ ಬೆರೆಸಿ, ಗಡಿಗೆಗೆ ತುಂಬಿಡುವುದು. ಬೀಜದ ಕಡಲೆ, ಜೋಳ, ಹೆಸರು, ಎಲ್ಲಕ್ಕೂ ಇದೇ ವಿಧಿ. ಮಗಳು ಸ್ನಾನಕ್ಕೆ ಹೋದಾಗ ಅತ್ತಿಗೆ ಪೊಟ್ಟಣಗಳನ್ನು ಮುಟ್ಟಿ ನೋಡಿದ್ದಾಳೆ, ತಂಪು ಹತ್ತಿದ್ದು ಕಂಡಿದೆ. ಮಗಳ ಓದು ಕೆಡಬಾರದಲ್ಲ! ಎಲ್ಲವನ್ನೂ ಬಿಚ್ಚಿ, ಹಳೆಯ ಸೀರೆಯೊಂದರ ಮೇಲೆ ಒಟ್ಟಿಗೇ ಹರವಿ, ಸಂಜೆಯವರೆಗೆ ಕಾಸಿ, ಬೂದಿ ಬೆರೆಸಿ, ಬಾಯಿಗೆ ಬಟ್ಟೆ ಕಟ್ಟಿದ ಒಂದು ಪುಟ್ಟ ಗಡಿಗೆಯನ್ನು ತಂದು ಮಗಳ ಮುಂದಿಟ್ಟಳು.

"ಎರಡು ವರ್ಷ ಇಟ್ಟರೂ ಒಂದು ಹುಳ ಬೀಳೂದಿಲ್ಲ ನೋಡವಾ," ಎಂದಳು.

ಸುಜಾತಾ ಗಡಿಗೆಯೊಳಗೆ ನೋಡಿದಳು. ಆಮೇಲೆ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು ಅತ್ತಳು. ಬಿಸಿಲಿಗೆ ಆ ಕಣಗಳು ಸುಟ್ಟುಹೋಗಿರುತ್ತವೆ ಎಂಬುದೊಂದು ಕಡೆಗಿರಲಿ, ಗುಡ್ಡದ್ದೂ ಹೊಲದ್ದೂ ಕಲೆತುಹೋಗಿ ಯಾವುದು ಎಲ್ಲಿಯದೆಂದು ಹೇಳುವುದೇ ಆಗದಂತಾಗಿತ್ತು. ಆಕೆ ಬಯ್ದಿದ್ದರೆ ಅತ್ತಿಗೆಗೆ ಸಮಾಧಾನವಾಗುತ್ತಿತ್ತೇನೋ, ಬಯ್ಯಲಿಲ್ಲ. ಆ ದಿನ ಅತ್ತಿಗೆ ಉಣ್ಣಲಿಲ್ಲ. ನನಗೂ ಭಾಳ ಕೆಡುಕೆನಿಸಿತು, ಆದರೆ ನಾನು ಉಂಡೆ.

ಮರುದಿನ ಬೆಳಗ್ಗೆ ಅತ್ತಿಗೆ ಬುತ್ತಿ ಕಟ್ಟಿಕೊಂಡು ನಿಂತಿದ್ದಳು. "ಕೆಡಿಸಿದಾಕಿ ನಾನ, ಹುಡುಕಾಕಿನೂ ನಾನ. ನಡಿ, ಗುಡ್ಡ ಎಲ್ಲೂ ಓಡಿ ಹೋಗಿಲ್ಲ," ಎಂದಳು. ಗಜೇಂದ್ರಗಡ ಆಕೆಯ ತವರು. ಸಾಮಾನು ಹೊರಲು ಒಬ್ಬರು ಬೇಕಲ್ಲ, ನಾನೂ ಬಸ್ಸು ಹತ್ತಿದೆ.

ಗುಡ್ಡದ ಮೇಲೆ ಈಗ ಗಾಳಿಯಂತ್ರಗಳು ನಿಧಾನವಾಗಿ ಕೈ ಬೀಸುತ್ತ ನಿಂತಿರುತ್ತವೆ, ಕೆಳಗೆ ಹುಲ್ಲು ಒಣಗಿ ಬೆಳ್ಳಗಾಗಿರುತ್ತದೆ. ಹಿಂದಿನ ದಿನವಷ್ಟೇ ಕುರಿಹಿಂಡು ಹಾದುಹೋಗಿತ್ತು. ಅದರ ಪರಿಣಾಮವಾಗಿ ನನಗೆ ಅಪಾರ ಯಶಸ್ಸು ದೊರೆಯಿತು; ನಾನು ಹಿಗ್ಗಿನಿಂದ ಕೂಗಿ ಕರೆದಾಗಲೆಲ್ಲ ಸುಜಾತಾ ಬಂದು, ಬಗ್ಗಿ ನೋಡಿ, "ಕಾಕಾ, ಇದು ಕುರೀದು," ಎಂದು ಶಾಂತವಾಗಿ ಹೇಳಿ ಹೋಗುತ್ತಿದ್ದಳು. ಮೊಲದ್ದು ಗುಂಡಗೆ, ಒಡೆದರೆ ಒಳಗೆ ಬರೀ ಹುಲ್ಲಿನ ನಾರು. ಇಷ್ಟು ಸರಳವಾದ ಪಾಠ ನನ್ನ ತಲೆಗೆ ಹತ್ತುವಷ್ಟರಲ್ಲಿ ಸಂಜೆಯಾಯಿತು, ಪೊಟ್ಟಣಗಳು ಖಾಲಿಯೇ ಉಳಿದವು. ಆ ಇರುಳು ಅತ್ತಿಗೆಯ ತಮ್ಮನ ಮನೆಯಲ್ಲಿ ತಂಗಿದೆವು.

ಅಲ್ಲಿ ಊಟವಾದ ಮೇಲೆ ಸುಜಾತಾ ತಾಯಿಬೇರಿನ ಸಂಗತಿ ಬಿಡಿಸಿ ಹೇಳಿದಳು. ವಂಶವಾಹಿಯ ಒಂದು ಭಾಗ ತಾಯಿಯಿಂದ ಮಾತ್ರವೇ ಇಳಿದುಬರುತ್ತದಂತೆ, ತಂದೆಯದು ಅದರಲ್ಲಿ ಏನೂ ಇರುವುದಿಲ್ಲವಂತೆ. ಎಲ್ಲೋ ಬಿಸಿಲ ನಾಡಿನ ಮೊಲದ ಮೈಯಲ್ಲಿ, ಈಗ ಅಲ್ಲಿ ಹೆಸರಿಗೂ ಇಲ್ಲದ ಹಿಮದ ನಾಡಿನ ಮೊಲವೊಂದರ ತಾಯಿಬೇರು ಉಳಿದುಕೊಂಡಿದೆಯಂತೆ. ನನಗೆ ನಮ್ಮ ಮನೆತನದ ನೆನಪಾಯಿತು. ತಂದೆ, ಅಜ್ಜ, ಮುತ್ತಜ್ಜ ಎಂದು ಏಳು ತಲೆಮಾರಿನ ಗಂಡಸರ ಹೆಸರನ್ನು ನಾನು ಒಂದೇ ಉಸಿರಿಗೆ ಹೇಳಬಲ್ಲೆ, ಮದುವೆ ಮನೆಗಳಲ್ಲಿ ಹೇಳಿ ಹೊಗಳಿಸಿಕೊಂಡೂ ಇದ್ದೇನೆ. ತಾಯಿಯ ತಾಯಿ ಇಟಗಿಯವಳು. ಆಕೆಯ ತಾಯಿ ಯಾವ ಊರು, ಹೆಸರೇನು? ಮಲಗಿಕೊಂಡು ಬಹಳ ಹೊತ್ತು ಯೋಚಿಸಿದೆ, ಹೊಳೆಯಲಿಲ್ಲ. ಮೊಲಕ್ಕೆ ಗೊತ್ತಿರುವಷ್ಟೂ ನನಗೆ ಗೊತ್ತಿರಲಿಲ್ಲ.

ಬೆಳಗಿನ ಜಾವ ಮತ್ತೆ ಗುಡ್ಡ ಹತ್ತಿದೆವು. ಒಂದು ಪೊದೆಯ ಬುಡದಿಂದ ಕಂದು ಬಣ್ಣದ್ದೊಂದು ಚಿಮ್ಮಿ, ಕುತ್ತಿಗೆಯ ಹಿಂದಿನ ಕರಿ ಮಚ್ಚೆ ತೋರಿಸಿ, ಇಳಿಜಾರಿನಲ್ಲಿ ಮಾಯವಾಯಿತು. ಅದು ಮಲಗಿದ್ದಲ್ಲಿ ಹುಲ್ಲು ಒತ್ತಿಹೋಗಿತ್ತು, ಅದರ ಪಕ್ಕ ಇನ್ನೂ ಹಸಿಯಾದ ಹಿಕ್ಕೆ. ಮೊದಲು ಕಂಡವಳು ಅತ್ತಿಗೆ. ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಗದ್ದದಿಂದ ಅತ್ತ ತೋರಿಸುತ್ತ, "ನಾ ಮುಟ್ಟೂದಿಲ್ಲವಾ, ನೀನ ತಗೋ," ಎಂದಳು. ಸುಜಾತಾ ನಕ್ಕಳು, ಎರಡು ದಿನದಲ್ಲಿ ಮೊದಲ ಸಲ. ಮಧ್ಯಾಹ್ನದೊಳಗೆ ಬೇಕಾದಷ್ಟು ಪೊಟ್ಟಣ ತುಂಬಿದವು. ಊರಿಗೆ ಬಂದು ಹೊಲದ್ದನ್ನೂ ಹೊಸದಾಗಿ ಆರಿಸಿದ್ದಾಯಿತು. ಧಾರವಾಡದ ಬಸ್ಸು ಬರುವ ತನಕ ಅತ್ತಿಗೆ ಆ ಚೀಲದ ಹತ್ತಿರ ಯಾರನ್ನೂ ಸುಳಿಯಗೊಡಲಿಲ್ಲ, ತನ್ನನ್ನೂ.

ಈ ಸಲದ ಕಡಲೆ ಬಿತ್ತನೆಯ ಹೊತ್ತಿಗೆ ಸುಜಾತಾಳ ಫೋನು ಬಂತು. ಎರೆಯದೂ ಗುಡ್ಡದ್ದೂ ಒಂದೇ ತಾಯಿಬೇರು, ಗುಡ್ಡದ ಕಡೆ ಆ ಬೇರಿನ ಬಗೆಗಳು ಹೆಚ್ಚು, ನಮ್ಮಲ್ಲಿರುವುದು ಅದರ ಒಂದು ಟಿಸಿಲು ಮಾತ್ರ, ಮಾದರಿ ಕಡಿಮೆಯಾದ್ದರಿಂದ ಆಣೆ ಮಾಡಿ ಹೇಳಲು ಬಾರದಾದರೂ, ಗುಡ್ಡದಿಂದ ಇತ್ತ ಇಳಿದು ಬಂದಿರುವ ಹಾಗೆ ಕಾಣುತ್ತದೆ, ಅಧ್ಯಾಯ ಉಳಿಯಿತು ಎಂದಳು. ಎರಡನ್ನೂ ಒಂದೇ ಗಡಿಗೆಗೆ ತುಂಬಿ ಅತ್ತಿಗೆ ಈ ತೀರ್ಪನ್ನು ಮೊದಲೇ ಕೊಟ್ಟಿದ್ದಳಲ್ಲ ಎಂದು ನಾನು ಚೇಷ್ಟೆ ಮಾಡಿದೆ. ಆಕೆ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಜೋಳ ಹಸನು ಮಾಡುತ್ತಿದ್ದ ಮೊರವನ್ನು ತೊಡೆಯ ಮೇಲಿಟ್ಟುಕೊಂಡು, "ಹಂಗಾರ ಅದೂ ಗಜೇಂದ್ರಗಡದಿಂದ ಇಲ್ಲಿಗೆ ಕೊಟ್ಟ ಹೆಣ್ಣ," ಎಂದಳು.

ನಿನ್ನೆ ಬೆಳಗ್ಗೆ ಹೊಲಕ್ಕೆ ಹೋಗಿದ್ದೆ. ಕಡಲೆಯ ಕುಡಿಗಳು ಅಲ್ಲಲ್ಲಿ ಓರೆಯಾಗಿ, ಅಚ್ಚುಕಟ್ಟಾಗಿ ಕತ್ತರಿಸಿಹೋಗಿದ್ದವು. ಈ ಸಲ ಮೊಲವೂ ಅಲ್ಲೇ ಇತ್ತು. ಬದುವಿನ ಹತ್ತಿರ ಕಿವಿ ನೆಟ್ಟಗೆ ಮಾಡಿ, ನನ್ನನ್ನು ನೋಡುತ್ತಲೇ ಮೆಲ್ಲುತ್ತಿತ್ತು. ರೂಢಿಯಂತೆ ಕೈಗೆ ಹೆಂಟೆ ಬಂದಿತ್ತು, ಗದರಿಕೆಯೂ ಗಂಟಲಿನವರೆಗೆ ಬಂದಿತ್ತು. ಹೆಂಟೆಯನ್ನು ಸದ್ದಾಗದಂತೆ ಕೆಳಗಿಟ್ಟು, ಇನ್ನೊಂದು ಬದುವಿನ ಮೇಲಿಂದ ಸುತ್ತುಬಳಸಿ ಮನೆಗೆ ಬಂದೆ. ಅತ್ತಿಗೆಯ ತವರಿನವರು ಉಣ್ಣುತ್ತ ಕೂತಾಗ ಎಬ್ಬಿಸುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.