ಎದುರು ಮನೆಯ ಮಾತ್ರೆ

ದೊಡ್ಡಬಳ್ಳಾಪುರದ ಆ ನೇಕಾರರ ಬೀದಿಯಲ್ಲಿ ಚೌಡೇಶ್ವರಿಯಂಥ ಕಿವಿ ಇನ್ನೊಬ್ಬರಿಗಿಲ್ಲ. ಒಲೆಯ ಮುಂದೆ ಮುದ್ದೆ ತಿರುವುತ್ತಲೇ, ಎರಡು ಮಗ್ಗಗಳಲ್ಲಿ ಯಾವುದರ ಎಳೆ ಕಡಿಯಿತೆಂದು ಸದ್ದಿನಲ್ಲೇ ಹೇಳುವಳು. ಅಂಥವಳು ತನ್ನ ಮೈ ಕೂಗಿಕೊಂಡಿದ್ದನ್ನು ಕೇಳದೆ ಹೋದಳಲ್ಲ, ನೆನೆದರೆ ಹೊಟ್ಟೆ ಉರಿಯುತ್ತದೆ.

ಮೂವತ್ತನಾಲ್ಕರ ಹೆಂಗಸು. ಆರು ವರ್ಷದಿಂದ ಲೂಪಸ್, ಅಂದರೆ ಮೈ ಕಾಯಬೇಕಾದ ಶಕ್ತಿಯೇ ಮೈಮೇಲೆ ತಿರುಗಿಬೀಳುವ ಕಾಯಿಲೆ. ಯುಗಾದಿ ಕಳೆದ ಮೇಲೆ ರಕ್ತದಲ್ಲಿ ಆರರೊಳಗಿರಬೇಕಾದ ಯೂರಿಕ್ ಆಸಿಡ್ ಎಂಟು ದಾಟಿತು.

"ನಿಮ್ಮ ಕಾಯಿಲೇಲಿ ಇದು ಏರಿದ್ರೆ ಕಿಡ್ನಿ ಮೇಲೆ ಕಣ್ಣಿಡಬೇಕಮ್ಮ. ಈ ವಾರಾನೇ ಯೂರಿನ್ ಟೆಸ್ಟ್ ಮಾಡ್ಸಿ," ಎಂದರು ಡಾಕ್ಟರಮ್ಮ.

ಚೀಟಿ ಹಿಡಿದು ಬಂದವಳನ್ನು ಎದುರು ಮನೆಯ ಕೋದಂಡರಾಮಯ್ಯ ತಡೆದ. ಕಾಲಿನ ಹೆಬ್ಬೆರಳು ಊದುವ ಹಳೇ ರೋಗಿ ಅವನು.

"ನಂಗೂ ಎಂಟೇ ಇತ್ತು ಕಣಮ್ಮ. ನನ್ ಮಾತ್ರೆ ತಗೋ, ಬೇಳೆ ಬಿಡು. ಟೆಸ್ಟೆಲ್ಲಾ ಯಾಕೆ?"

ಹಿತ್ತಲ ಗಿಡ ಮದ್ದಲ್ಲವಂತೆ. ಈ ಬೀದಿಯಲ್ಲಿ ಎದುರು ಮನೆಯ ಮಾತ್ರೆ ಮಾತ್ರ ಅಮೃತ! ಮದುವೆ ಸೀರೆಗಳ ಕಾಲ, ಮಗ್ಗ ನಿಲ್ಲಿಸಲು ಅವಳಿಗೂ ಮನಸ್ಸಿರಲಿಲ್ಲ. ಟೆಸ್ಟಿನ ಚೀಟಿ ಸಾಸಿವೆ ಡಬ್ಬಿಯ ಕೆಳಗೆ ಸೇರಿತು, ಅವನ ಮಾತ್ರೆ ಅವಳ ಹೊಟ್ಟೆಗೆ.

ತಿಂಗಳಾಗುವಷ್ಟರಲ್ಲಿ ಬೆಳಗ್ಗೆ ಎದ್ದರೆ ಕಣ್ಣಿನ ಸುತ್ತ ಊತ. ಬಚ್ಚಲಲ್ಲಿ ಮೂತ್ರದ ನೊರೆ, ಎರಡು ಚೊಂಬು ನೀರು ಸುರಿದರೂ ಹೋಗದು. ಸೋಪಿನದಿರಬೇಕು ಅಂದುಕೊಂಡಳು. ಒಂದು ದಿನ ಕಾಲುಂಗುರ ಮಾಂಸದೊಳಗೆ ಹೂತುಕೊಂಡಿತು. ಎಣ್ಣೆ ಹಚ್ಚಿ ಎಳೆದು ತೆಗೆದಳು.

"ಮುತ್ತೈದೆ ಬರೀ ಬೆರಳಲ್ಲಿರಬಾರ್ದು, ನಿನ್ ಗಂಡ ನಂದನ್‌ಗೆ ಒಳ್ಳೇದಲ್ಲ," ಎಂದು ಅತ್ತೆ ಬನಶಂಕರಿ ಬೆರಳಿಗೆ ಅರಿಸಿನದ ದಾರ ಸುತ್ತಿದಳು. ಅವಳಿಗೆ ಮಗನ ಆಯುಸ್ಸಿನ ಭಯ. ಸೊಸೆಯ ಕಾಲು ಯಾಕೆ ಊದಿತೆಂದು ಕೇಳಲಿಲ್ಲ, ಮಹಾತಾಯಿ.

ಮೂರು ತಿಂಗಳಿಗೆ ಯೂರಿಕ್ ಆಸಿಡ್ ಐದಕ್ಕೆ ಇಳಿಯಿತು. ಗಂಡ ನಂದನ್‌ನನ್ನು ಹೊರಗೆ ಕೂರಿಸಿ, ಚೌಡೇಶ್ವರಿ ರಿಪೋರ್ಟ್ ಹಿಡಿದು ಒಳಗೆ ಹೋದಳು. ಡಾಕ್ಟರಮ್ಮ ಕಾಗದದ ಮೇಲೆ ಒಮ್ಮೆ ಕಣ್ಣಾಡಿಸಿ ಪಕ್ಕಕ್ಕಿಟ್ಟರು. ಮೊಣಕಾಲಿನ ಕೆಳಗೆ ಹೆಬ್ಬೆರಳೊತ್ತಿದರು. ಬಿದ್ದ ಗುಳಿ ಹಾಗೇ ಉಳಿಯಿತು.

"ಇದಕ್ಕೆ ನಾನು ಮಾತ್ರೆ ಕೊಟ್ಟಿರ್ಲಿಲ್ಲ. ಯಾರ ಮಾತ್ರೆ ತಗೊಂಡ್ರಿ?"

ಹೇಳಿದಳು. ಅಲ್ಲೇ ರಕ್ತ, ಮೂತ್ರ ಕೊಡಿಸಿದರು. ಎರಡು ಗಂಟೆಗೆ ಫಲಿತಾಂಶ ಬಂತು.

"ಮಾತ್ರೆ ಇಳಿಸಿದ್ದು ನಂಬರ್ ಅಷ್ಟೇ ಕಣಮ್ಮ. ಕಾಯಿಲೆ ಒಳಗೆ ತಿಂತಾನೇ ಇತ್ತು. ಕಿಡ್ನಿ ಅರ್ಧಕ್ಕರ್ಧ ಹೋಗಿದೆ."

"ಆವತ್ತೇ ಟೆಸ್ಟ್ ಮಾಡ್ಸಿದ್ರೆ?"

"ಉಳಿಸ್ಕೋಬಹುದಿತ್ತೇನೋ. ಈಗ ಇರೋದನ್ನ ಕಾಪಾಡೋಣ. ಇವತ್ತೇ ಅಡ್ಮಿಟ್ ಆಗಿ."

ಅವಳು ಬಾಗಿಲವರೆಗೆ ಬಂದಳು. ಹೊರಗೆ ಬೆಂಚಿನ ಮೇಲೆ ನಂದನ್ ಫೋನಿನಲ್ಲಿ ಕೋದಂಡರಾಮಯ್ಯನೊಂದಿಗೆ ನಗುತ್ತಾ ಮಾತಾಡುತ್ತಿದ್ದ.

"ಐದಕ್ಕೆ ಬಂತು ಮಾವ. ನಿಮ್ ಋಣ ಹೆಂಗ್ ತೀರಿಸ್ಲಿ ಹೇಳಿ."