ನೀರಿನ ಗಡಿಯ ಹನ್ನೊಂದು ಕಲ್ಲು

ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ನಾನು ಮೂವತ್ತೊಂದು ವರ್ಷ ನಕ್ಷೆ ಬರೆದೆ. ಗಿಯರು, ಶಾಫ್ಟು, ಪಂಪಿನ ಬಿಡಿಭಾಗಗಳು. ನನ್ನ ಗೆರೆ ಕೂದಲೆಳೆಯಷ್ಟು ಸರಿದರೂ ಕೆಳಗೆ ಯಂತ್ರಗಳ ಶಾಪಿನಲ್ಲಿ ಒಂದು ದಿನದ ಕೆಲಸ ಹಾಳಾಗುತ್ತಿತ್ತು. ನಿವೃತ್ತಳಾದ ಮೇಲೆ ಡ್ರಾಯಿಂಗ್ ಬೋರ್ಡನ್ನು ಪುಣೆಯ ಬಿಬವೇವಾಡಿಯ ಮನೆಗೆ ತಂದೆನಾದರೂ, ಬೇಸಿಗೆಯಲ್ಲಿ ಅದರ ಮೇಲೆ ಹಪ್ಪಳ ಒಣಗಿಸುವುದು ಬಿಟ್ಟರೆ ಬೇರೆ ಕೆಲಸವಿರಲಿಲ್ಲ.

ನಮ್ಮ ಮನೆಯ ಹತ್ತಿರದ ಮಾರುಕಟ್ಟೆಗೆ ವಾರಕ್ಕೆರಡು ದಿನ ಒಬ್ಬ ಹೆಂಗಸು ಸೊಪ್ಪು ಮಾರಲು ಬರುತ್ತಿದ್ದಳು. ಪುಣೆಯಲ್ಲಿ ಕಾಯಿಪಲ್ಲೆ ಮಾರುವವರನ್ನೆಲ್ಲ ಮಾವಶಿ, ಅಂದರೆ ಚಿಕ್ಕಮ್ಮ, ಎಂದೇ ಕರೆಯುವುದು. ನಾನೂ ಹಾಗೇ ಕರೆಯುತ್ತಿದ್ದೆ. ಒಂದು ದಿನ ಆಕೆ ಮೆಂತ್ಯದ ಸಿವುಡುಗಳನ್ನು ತನ್ನಷ್ಟಕ್ಕೆ ತಾನೇ ಕನ್ನಡದಲ್ಲಿ ಎಣಿಸುವುದು ಕೇಳಿಸಿತು. ತವರು ಕನ್ನಡ ಮಾತಾಡುವ ಜತ್ತದ ಕಡೆ. ಮದುವೆಯಾಗಿ ಪುಣೆಯಿಂದ ಬಸ್ಸಿನಲ್ಲಿ ಎರಡು ತಾಸಿನ ದೂರದ, ಕೆರೆಯೊಂದರ ದಂಡೆಯ ಊರಿಗೆ ಬಂದವಳು. ಅಂದಿನಿಂದ ನಮ್ಮಿಬ್ಬರ ಮಾತು ಕನ್ನಡಕ್ಕೆ ತಿರುಗಿತು. ನನಗೆ ಕೊಡುವ ಸಿವುಡೂ ಸ್ವಲ್ಪ ದಪ್ಪವಾಯಿತು.

ಅವಳ ಊರಿನ ಕೆರೆಯ ಸುತ್ತಲಿನ ಹೊಲಗಳನ್ನು ಒಂದು ಕಂಪನಿ ಕೊಂಡಿತ್ತು. ಅಲ್ಲಿ ವಿಹಾರದ ವಸಾಹತು ಕಟ್ಟುವವರಿದ್ದರು. ರಜೆಗೆ ಬಂದು ಇರಲು ಮನೆಗಳು, ದೋಣಿ, ಈಜುಕೊಳ, ಕ್ಲಬ್ಬು. ಅದಕ್ಕೆ ಆ ಜಮೀನನ್ನು ಕೃಷಿ ವಲಯದಿಂದ ವಿಹಾರ ವಲಯಕ್ಕೆ ಬದಲಿಸಬೇಕು. ಆಕ್ಷೇಪಣೆ ಇದ್ದವರು ಒಂದು ತಿಂಗಳೊಳಗೆ ಬರೆದು ಕೊಡಿ ಎಂದು ಸರಕಾರ ನೋಟೀಸು ಹೊರಡಿಸಿತ್ತು. ಇದೆಲ್ಲ ನನಗೆ ತಿಳಿದದ್ದು ಮಾವಶಿ ಸೊಪ್ಪಿನ ಬುಟ್ಟಿಯ ಅಡಿಯಿಂದ ಕಂಪನಿಯ ನಕ್ಷೆಯ ಒಂದು ಝೆರಾಕ್ಸ್ ಹಾಳೆ ತೆಗೆದು ನನ್ನ ಕೈಗೆ ಕೊಟ್ಟಾಗ.

"ಅಕ್ಕಾರ, ನೀವು ನಕಾಶಾ ತಗೀತಿದ್ರಿ ಅಲ್ರಿ? ಇದರಾಗ ನಮ್ಮ ದಾರಿ ಎಲ್ಲೈತಿ, ತೋರಸ್ರಿ."

"ಯಾವ ದಾರಿ ಮಾವಶಿ?"

"ಕೆರಿ ದಂಡಿ ಬಂಡಿ ದಾರಿ. ನಮ್ಮ ಅತ್ತಿ ನಡದಿದ್ದು, ಅಕಿ ಅತ್ತಿ ನಡದಿದ್ದು. ಪಂಚಾಯ್ತಿ ಗ್ವಾಡಿಗೆ ಹಚ್ಯಾರ ಇದನ್ನ. ಎಲ್ಲಾರೂ ಭಾಳ ಚಂದ ಐತಿ ಅಂದ್ರು. ನನಗ ದಾರೀನ ಕಾಣವಲ್ದು."

ನನಗೂ ಕಾಣಲಿಲ್ಲ. ಹಾಳೆಯನ್ನು ಮನೆಗೆ ತಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಕಡೆ ಕೆರೆ, ಇನ್ನೊಂದು ಕಡೆ ವಸಾಹತು, ನಡುವೆ ಒಂದೇ ಗೆರೆ. ವಸಾಹತು ಎಲ್ಲಿ ಮುಗಿಯುತ್ತದೋ ಅಲ್ಲೇ ನೀರು ಶುರು. ಆದರೆ ಮಾವಶಿ ಹೇಳುವ ಪ್ರಕಾರ ಹೊಲಗಳ ಅಂಚಿಗೆ ಬಂಡಿ ದಾರಿ ಇತ್ತು. ದಾರಿಯ ಕೆಳಗೆ ಇಳಿಜಾರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಆ ಇಳಿಜಾರಿನ ಕೆಸರು ನೆಲ ತೆರೆದುಕೊಳ್ಳುತ್ತದೆ. ಸ್ವಂತ ಹೊಲವಿಲ್ಲದ ಮನೆಗಳ ಹೆಂಗಸರು ಅಲ್ಲಿ ಸೌತೆ, ಕಲ್ಲಂಗಡಿ, ಹೆಸರು ಬೆಳೆಯುತ್ತಾರೆ. ಅದಕ್ಕೆ ಅವರು ಗಾಳಪೇರ ಅನ್ನುತ್ತಾರೆ. ನೆಲ ಸರಕಾರದ್ದು, ಬೇಸಾಯ ಇವರದು. ನಕ್ಷೆಯಲ್ಲಿ ದಾರಿಯೂ ಇರಲಿಲ್ಲ, ಆ ನೆಲವೂ ಇರಲಿಲ್ಲ.

ನನ್ನ ಯಜಮಾನರು ಪೇಪರಿನಿಂದ ತಲೆ ಎತ್ತಿದರು. "ನಿನಗ್ಯಾಕ ಊರ ಉಸಾಬರಿ? ದೊಡ್ಡ ಮಂದಿ ವ್ಯವಹಾರ ಅದ."

"ಎರಡು ಗೆರಿ ಇರಬೇಕಾದಲ್ಲಿ ಒಂದ ಗೆರಿ ಹಾಕ್ಯಾರ ರೀ. ನೋಡಿ ನೋಡಿ ಸುಮ್ಮ ಹೆಂಗ ಕೂಡಲಿ?"

ಮರುದಿನ ಮುಂಜಾನೆ ಅವರು ಸದಾಶಿವ ಪೇಠೆಗೆ ಹೋಗಿ, ಉದ್ದನೆಯ ಅಳತೆ ಟೇಪು, ದೊಡ್ಡ ಹಾಳೆಯ ಸುರುಳಿ, ಎರಡು ಪೆನ್ಸಿಲು ತಂದು ಮೇಜಿನ ಮೇಲಿಟ್ಟರು. ಜಗಳವಾಡದೆ ಸೋಲೊಪ್ಪುವುದು ಅವರ ರೀತಿ.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಕೆಂಪು ಬಸ್ಸಿನಿಂದ ನಾನು ಆ ಊರಲ್ಲಿ ಇಳಿದಾಗ ಮಾವಶಿಯ ಜೊತೆ ಹದಿಮೂರು ಹೆಂಗಸರು ನಿಂತಿದ್ದರು. ಎಲ್ಲರೂ ಗಾಳಪೇರ ಮಾಡುವವರೇ. ಕೆರೆ ಆಗಲೇ ಅರ್ಧ ಇಳಿದಿತ್ತು. ಬಳ್ಳಿಗಳಲ್ಲಿ ಸೌತೆಕಾಯಿ ಮಿಂಚುತ್ತಿದ್ದವು. ನಾನು ಜೀವಮಾನವಿಡೀ ಅಳೆದದ್ದು ಅಂಗೈಯಲ್ಲಿ ಹಿಡಿಯಬಹುದಾದ ವಸ್ತುಗಳನ್ನು. ಅಷ್ಟು ದೊಡ್ಡ ಬಯಲಿನ ಮುಂದೆ ಕೈಯ ಟೇಪು ಆಟಿಕೆಯಂತೆ ಕಂಡಿತು.

"ಎಲ್ಲಿಂದ ಚಾಲೂ ಮಾಡೋಣ ಮಾವಶಿ? ಅಳೀಲಿಕ್ಕೆ ಒಂದು ಗಟ್ಟಿ ಗುರುತು ಬೇಕಲ್ಲ."

"ಕಲ್ಲು ಅದಾವಲ್ರಿ!" ಎಂದಳು ಆಕೆ, ಇದೂ ಗೊತ್ತಿಲ್ಲವೇ ಅನ್ನುವ ಹಾಗೆ. "ನೀರು ಪೂರ್ತಿ ತುಂಬಿದ್ರ ಎಲ್ಲೀ ತನಕ ಬರ್ತೈತಿ ಅಂತ ನೀರಾವರಿಯವರು ಹಿಂದಕ ನಟ್ಟ ಕಲ್ಲು. ಹನ್ನೊಂದು ಅದಾವು."

ನಾನು ನಿಂತಲ್ಲೇ ನಿಂತೆ. ಕೆರೆಯ ಗಡಿಯನ್ನು ಸರಕಾರವೇ ಕಲ್ಲಿನಲ್ಲಿ ಬರೆದಿಟ್ಟಿತ್ತು!

ಕಲ್ಲುಗಳನ್ನು ಹುಡುಕುವುದೇ ಮೂರು ದಿನದ ಕೆಲಸವಾಯಿತು. ಒಂದರ ಮೇಲೆ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಬಗ್ಗಿ ನೋಡಿದರೆ ಪಕ್ಕಕ್ಕೆ ಕೆತ್ತಿದ ಅಂಕಿ ಇನ್ನೂ ಇತ್ತು. ಒಂದಕ್ಕೆ ಎಮ್ಮೆ ಕಟ್ಟಿದ್ದರು. ಇನ್ನೊಂದಕ್ಕೆ ಯಾರೋ ಕುಂಕುಮ ಹಚ್ಚಿ ದೇವರು ಮಾಡಿಬಿಟ್ಟಿದ್ದರು. ಒಂಬತ್ತನೆಯದು ಮಾತ್ರ ಸಿಗಲಿಲ್ಲ. ಆ ಜಾಗದಲ್ಲಿ ಮುಳ್ಳುಕಂಟಿ ಆಳೆತ್ತರ ಬೆಳೆದಿತ್ತು. ಮಾವಶಿ ಕುಡುಗೋಲು ತೆಗೆದುಕೊಂಡು ಒಳಗೆ ನುಗ್ಗಿದಳು. ಬಹಳ ಹೊತ್ತು ಬರೀ ಕುಡುಗೋಲಿನ ಸದ್ದು. ಆಮೇಲೆ ಒಳಗಿನಿಂದ ಕೂಗು: "ಸಿಕ್ತು! ಮಗಾ ಇಲ್ಲೇ ಮಕ್ಕೊಂಡಾನ!" ಹೊರಗೆ ಬಂದಾಗ ಎರಡೂ ಕೈಗೆ ಮುಳ್ಳು ಗೀರಿ ರಕ್ತ ಬಂದಿತ್ತು. ಹಲ್ಲು ಮಾತ್ರ ಕಿವಿಯ ತನಕ ಕಾಣುತ್ತಿದ್ದವು.

ಕಲ್ಲಿನಿಂದ ಕಲ್ಲಿಗೆ, ಕಲ್ಲಿನಿಂದ ದಾರಿಗೆ, ದಾರಿಯಿಂದ ಹೊಲದ ಬದುವಿಗೆ ಟೇಪು ಹಿಡಿದೆವು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ಮಧ್ಯಾಹ್ನದ ಹೊತ್ತಿಗೆ, "ಟೇಪು ಜೋಲು ಬಿದ್ದೈತಿ, ಬಿಗಿ ಹಿಡೀರಿ" ಎಂಬರ್ಥದಲ್ಲಿ ಮರಾಠಿಯಲ್ಲಿ ನನ್ನನ್ನೇ ಬೈಯುವಷ್ಟು ಪಳಗಿದ್ದರು. ನಾನು ಪ್ರತಿ ಅಳತೆಯನ್ನೂ ಎರಡೆರಡು ಸಲ ಬರೆದುಕೊಂಡೆ.

ಅಳತೆಯ ಮೂರನೆಯ ದಿನ ಮಾವಶಿಯ ಮೈದುನ ಬಂದ. ಅವನು ತನ್ನ ಹೊಲ ಕಂಪನಿಗೆ ಕೊಟ್ಟವರಲ್ಲಿ ಒಬ್ಬ. ಟೇಪನ್ನು ಕಾಲಿನಿಂದ ಮೆಟ್ಟಿ ನಿಂತು ಮರಾಠಿಯಲ್ಲಿ ಕೂಗಾಡಿದ. ಊರಿಗೆ ಒಳ್ಳೆಯದಾಗುವುದನ್ನು ಈ ಹೆಂಗಸರು ಕೆಡಿಸುತ್ತಾರೆ, ಕೆಲಸ ಬರುತ್ತದೆ, ರಸ್ತೆ ಬರುತ್ತದೆ, ಎಲ್ಲ ನಿಂತುಹೋಗುತ್ತದೆ. ಅವನ ಸಿಟ್ಟು ಸುಳ್ಳಾಗಿರಲಿಲ್ಲ. ಮಳೆ ನೆಚ್ಚಿ ಬದುಕಿ ಅವನಿಗೂ ಸಾಕಾಗಿತ್ತು. ಮಾವಶಿ ದನಿ ಏರಿಸದೆ ಉತ್ತರ ಕೊಟ್ಟಳು. ಆಮೇಲೆ ನನಗೆ ಅದನ್ನೇ ಕನ್ನಡದಲ್ಲಿ ಹೇಳಿದಳು: "ನಿನ್ನ ಹೊಲ ನೀ ಕೊಟ್ಟಿ, ನಾ ಬ್ಯಾಡ ಅಂದೇನ? ಅವರು ಮನಿ ಕಟ್ಟಲಿ. ಆದ್ರ ದಾರಿ ನಿಂದಲ್ಲ, ಕೆರಿ ನಿಂದಲ್ಲ. ನಿಂದಲ್ಲದ್ದು ನೀ ಹೆಂಗ ಕೊಡ್ತಿ, ಅಂತ ಕೇಳಿದೆ." ಮೈದುನ ಟೇಪಿನ ಮೇಲಿಂದ ಕಾಲು ತೆಗೆದ.

ಮನೆಗೆ ಬಂದು ಬೋರ್ಡು ಒರೆಸಿದೆ. ಹತ್ತು ದಿನ ಕೂತು ಬರೆದೆ. ನೀರಿನ ಗಡಿಗೆ ಒಂದು ಗೆರೆ, ದಾರಿಗೆ ಎರಡು, ಹೊಲದ ಅಂಚಿಗೆ ಇನ್ನೊಂದು. ಹನ್ನೊಂದು ಕಲ್ಲಿಗೆ ಹನ್ನೊಂದು ಚುಕ್ಕೆ, ಪಕ್ಕದಲ್ಲಿ ಅದರದರ ಅಂಕಿ. ಬಲಗಡೆಯ ಮೂಲೆಯಲ್ಲಿ ಪ್ರತಿ ನಕ್ಷೆಗೂ ಒಂದು ಚೌಕವಿರುತ್ತದೆ. ಬರೆದವರು ಯಾರು, ಪರಿಶೀಲಿಸಿದವರು ಯಾರು ಎಂದು ಹೇಳುವ ಚೌಕ. ಕಾರ್ಖಾನೆಯಲ್ಲಿ ಅಲ್ಲಿ ನನ್ನ ಹೆಸರಿನ ಎರಡಕ್ಷರ ಮಾತ್ರ ಇರುತ್ತಿತ್ತು, ಪೂರ್ತಿ ಸಹಿ ಸಾಹೇಬರದು. ಈ ಸಲ ಬರೆದವರು ಎಂಬಲ್ಲಿ ನನ್ನ ಪೂರ್ತಿ ಹೆಸರು ಹಾಕಿದೆ. ಅಳತೆ ಮಾಡಿದವರು ಎಂಬಲ್ಲಿ ಹದಿನಾಲ್ಕೂ ಹೆಂಗಸರ ಹೆಸರು ಬರೆದೆ. ಚೌಕ ಸಾಲದೆ ಎರಡು ಸಲ ದೊಡ್ಡದು ಮಾಡಬೇಕಾಯಿತು.

ಅರ್ಜಿಯನ್ನು ಬರೆದವರು ನಮ್ಮ ಯಜಮಾನರು. ಧಾರವಾಡದಿಂದ ಹೊಸದಾಗಿ ಬಂದಾಗ ಅವರ ಮರಾಠಿ ಕೇಳಿ ಆಫೀಸಿನಲ್ಲಿ ನಗುತ್ತಿದ್ದರಂತೆ. ಆ ಹಟಕ್ಕೆ ಕಲಿತು, ಕೊನೆಗೆ ಅಲ್ಲಿಯ ಮುಖ್ಯ ಪತ್ರಗಳನ್ನೆಲ್ಲ ಇವರೇ ಬರೆಯುವಂತಾಯಿತು. ಈಗ ಮೂರು ಪುಟ ಬರೆದು ನನಗೆ ಓದಿ ಹೇಳಿದರು. ಒಂದೂ ಬೈಗುಳವಿಲ್ಲ, ಒಂದೂ ಬೇಡಿಕೊಳ್ಳುವ ಮಾತಿಲ್ಲ. ಯೋಜನೆ ಬೇಡವೆಂದು ನಾವು ಹೇಳುವುದಿಲ್ಲ, ದಾರಿಯನ್ನೂ ಕೆರೆಯ ನೆಲವನ್ನೂ ಅವು ಇರುವಲ್ಲೇ ತೋರಿಸಿ, ಅಷ್ಟೇ.

ಗಡುವಿನೊಳಗೆ ಅರ್ಜಿ ಕೊಟ್ಟೆವು. ವಿಚಾರಣೆಯ ದಿನ ಬಂತು. ನಗರರಚನಾ ಕಚೇರಿಯ ಉದ್ದನೆಯ ಕೋಣೆ. ಹೆಂಗಸರು ಹಬ್ಬದ ಸೀರೆ ಉಟ್ಟು ಮುಂಜಾನೆಯ ಮೊದಲ ಬಸ್ಸಿಗೇ ಬಂದಿದ್ದರು. ಕಂಪನಿಯ ಕಡೆಯಿಂದ ಒಬ್ಬ ಯುವ ವಾಸ್ತುಶಿಲ್ಪಿ ಪರದೆಯ ಮೇಲೆ ಬಣ್ಣದ ಚಿತ್ರಗಳನ್ನು ತೋರಿಸಿದ. ಬಿಳಿ ದೋಣಿ, ಹುಲ್ಲುಹಾಸು, ಛತ್ರಿಯ ಕೆಳಗೆ ಚಹಾ ಕುಡಿಯುವ ಜನ. ಚಿತ್ರಗಳು ನಿಜವಾಗಿಯೂ ಚೆನ್ನಾಗಿದ್ದವು. ಅವುಗಳ ನಂತರ ನನ್ನ ಪೆನ್ಸಿಲಿನ ಹಾಳೆಯನ್ನು ವಿಚಾರಣೆ ನಡೆಸುವ ಅಧಿಕಾರಿಯ ಮೇಜಿನ ಮೇಲೆ ಬಿಚ್ಚಿದೆ.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಮರಾಠಿಯಲ್ಲಿ ಕೇಳಿದರು, "ನೀವು ವಾಸ್ತುಶಿಲ್ಪಿಯೇ? ಸರ್ವೇಯರೇ?"

"ಇಲ್ಲ ಸರ್. ಕಾರ್ಖಾನೆಯಲ್ಲಿ ಗಿಯರಿನ ನಕ್ಷೆ ಬರೆಯುತ್ತಿದ್ದೆ."

ಹಿಂದೆ ಯಾರೋ ನಕ್ಕರು. ಅಧಿಕಾರಿ ನಗಲಿಲ್ಲ. ಬಾಗಿ ನೋಡಿದರು. ಬೆರಳನ್ನು ಗೆರೆಯ ಗುಂಟ ಕೊನೆಯ ತನಕ ಒಯ್ದರು. ಮೂಲೆಯ ಚೌಕಕ್ಕೆ ಬಂದು ನಿಂತು, "ಇವರೆಲ್ಲ ಯಾರು?" ಎಂದರು. ನಾನು ಹೇಳುವ ಮೊದಲೇ ಅವರು ಮೊದಲನೆಯ ಹೆಸರನ್ನು ಗಟ್ಟಿಯಾಗಿ ಓದಿದರು. ಗೋಡೆಗೆ ಒರಗಿ ನಿಂತಿದ್ದವರಲ್ಲಿ ಒಬ್ಬಳು ಕೈ ಎತ್ತಿ, "ಹಜರ್!" ಎಂದಳು. ಎರಡನೆಯ ಹೆಸರು. "ಹಜರ್!" ಹೀಗೆ ಹದಿನಾಲ್ಕು ಸಲ. ಕೊನೆಯ ಹೆಸರು ಮಾವಶಿಯದು. ಅವಳ ದನಿಗೆ ಕಿಟಕಿಯ ಮೇಲಿನ ಪಾರಿವಾಳ ಹಾರಿಹೋಯಿತು. ಆ ಕೋಣೆಯಲ್ಲಿ ಆಮೇಲೆ ಯಾರೂ ನಗಲಿಲ್ಲ.

ಅಧಿಕಾರಿ ಮಾವಶಿಯನ್ನೇ ಮುಂದೆ ಕರೆದು ಕೇಳಿದರು. ಅವಳು ಒಂದನೆಯ ಕಲ್ಲಿನಿಂದ ಹನ್ನೊಂದರವರೆಗೆ ಎಲ್ಲಿ ಯಾವುದಿದೆ, ಹತ್ತಿರ ಯಾವ ಮರವಿದೆ, ಯಾವುದರ ತಲೆ ಒಡೆದಿದೆ ಎಲ್ಲ ಹೇಳಿದಳು. ಅಷ್ಟರಲ್ಲಿ ಆ ಯುವ ವಾಸ್ತುಶಿಲ್ಪಿ ಎದ್ದು ಬಂದು ತನ್ನ ನಕ್ಷೆಯನ್ನು ನನ್ನದರ ಪಕ್ಕ ಹರಡಿದ. ಬಹಳ ಹೊತ್ತು ಎರಡನ್ನೂ ನೋಡಿದ. ಅವನ ಪಕ್ಕದವರು ಏನೋ ಪಿಸುಗುಟ್ಟಿದರೂ ಕಿವಿಗೊಡಲಿಲ್ಲ.

"ಸರ್," ಎಂದ, "ನಾವು ಆಕಾಶದಿಂದ ತೆಗೆದ ಚಿತ್ರ ನೋಡಿ ಬರೆದಿದ್ದೆವು. ಅದು ಮಳೆಗಾಲದ ಚಿತ್ರ. ನೆಲ ನೀರಿನಡಿ ಇತ್ತು, ದಾರಿ ಮರಗಳ ಅಡಿ. ಇವರ ಗೆರೆ ಸರಿ ಇದೆ."

ಅಷ್ಟು ಹೇಳಲು ಅವನಿಗೆ ಎಷ್ಟು ಧೈರ್ಯ ಬೇಕಾಗಿತ್ತು ಎನ್ನುವುದು ಮೂವತ್ತೊಂದು ವರ್ಷ ನೌಕರಿ ಮಾಡಿದ ನನಗೆ ಗೊತ್ತು. ಒಂದೇ ಗೆರೆ ಎಳೆದವನ ಮೇಲೆ ಇದ್ದ ಸಿಟ್ಟೆಲ್ಲ ಆ ಗಳಿಗೆಗೆ ಇಳಿದುಹೋಯಿತು.

ಅಧಿಕಾರಿ ತಾವೇ ಸ್ಥಳಕ್ಕೆ ಬಂದರು. ಮೇ ತಿಂಗಳ ಬಿಸಿಲಲ್ಲಿ, ತಲೆಗೆ ಟವೆಲು ಸುತ್ತಿಕೊಂಡು, ಹನ್ನೊಂದೂ ಕಲ್ಲು ಮುಟ್ಟಿ ನೋಡಿದರು. ಕುಂಕುಮದ ಕಲ್ಲಿಗೆ ಕೈ ಮುಗಿದು, ಆಮೇಲೆ ಅದರ ಅಂಕಿ ಬರೆದುಕೊಂಡರು.

ಆದೇಶ ಬರುವ ಹೊತ್ತಿಗೆ ದೀಪಾವಳಿ ಸಮೀಪಿಸಿತ್ತು. ಮಾರುಕಟ್ಟೆಯಲ್ಲಿ ಮಾವಶಿಯ ಬುಟ್ಟಿಯ ಪಕ್ಕದ ಕಟ್ಟೆಯ ಮೇಲೆ ಕೂತು ಯಜಮಾನರು ಅದನ್ನು ಒಂದೊಂದೇ ಸಾಲು ಓದಿ ಕನ್ನಡದಲ್ಲಿ ಹೇಳಿದರು. ವಲಯ ಬದಲಾವಣೆಗೆ ಒಪ್ಪಿಗೆ ಇದೆ. ಆದರೆ ಬಂಡಿ ದಾರಿ ವಸಾಹತಿನ ಹೊರಗೆ, ಸಾರ್ವಜನಿಕ ರಸ್ತೆಯಾಗಿಯೇ ಉಳಿಯಬೇಕು. ದಾರಿಗೂ ನೀರಿಗೂ ನಡುವೆ ಗೋಡೆ, ಬೇಲಿ ಯಾವುದೂ ಕೂಡದು. ಕಲ್ಲುಗಳ ಕೆಳಗಿನ ನೆಲವನ್ನು ವಿಹಾರ ವಲಯದಿಂದ ತೆಗೆಯಲಾಗಿದೆ. ಅಲ್ಲಿ ಗಾಳಪೇರ ಹಿಂದಿನಂತೆಯೇ ಮುಂದುವರಿಯಬೇಕು.

"ಇನ್ನೊಮ್ಮೆ ಓದ್ರಿ ಅಣ್ಣಾರ," ಎಂದಳು ಮಾವಶಿ.

ಓದಿದರು.

"ನಮ್ಮ ದಾರಿ ಸರಕಾರದ ಕಾಗದದಾಗ ಬಂತ?"

"ಬಂದದ ಅವ್ವ. ಶಿಕ್ಕಾ ಸಹಿತ ಬಂದದ." ಅವರು ಮುದ್ರೆಯ ಮೇಲೆ ಬೆರಳಿಟ್ಟು ತೋರಿಸಿದರು.

ಮಾವಶಿ ಎದ್ದು ನಿಂತು, ಬುಟ್ಟಿಯಲ್ಲಿದ್ದ ಮೆಂತ್ಯದ ಸಿವುಡುಗಳನ್ನೆಲ್ಲ ಎತ್ತಿ, ಬಂದುಹೋಗುವವರ ಚೀಲಕ್ಕೆ ಹಾಕತೊಡಗಿದಳು. ಗಿರಾಕಿಗಳು ಕಕ್ಕಾಬಿಕ್ಕಿ. ಎದುರಿನ ಟೊಮ್ಯಾಟೊ ಮಾರುವವನು, "ಮಾವಶಿಗೆ ಮೊಮ್ಮಗ ಹುಟ್ಟಿದನೇನು?" ಎಂದು ಕೇಳಿದ. "ಅದಕಿಂತ ದೊಡ್ಡದು!" ಎಂದು ಅವಳು ಮರಾಠಿಯಲ್ಲಿ ಕೂಗಿದಳು. ಆಮೇಲೆ ನನ್ನನ್ನು ಎಳೆದು, ನಡು ಮಾರುಕಟ್ಟೆಯಲ್ಲಿ ನನ್ನೆರಡೂ ಕೈ ಹಿಡಿದು, ಚಿಕ್ಕ ಹುಡುಗಿಯರು ಫುಗಡಿ ಆಡುವ ಹಾಗೆ ಒಂದು ಸುತ್ತು ತಿರುಗಿಸಿಯೇ ಬಿಟ್ಟಳು. ಮೊಣಕಾಲು ನೋವಿನ ನಾನೂ ತಿರುಗಿದೆ. ಯಜಮಾನರು ಚಪ್ಪಾಳೆ ತಟ್ಟಿದರು.

ಈಗ ಅಲ್ಲಿ ವಸಾಹತಿನ ಕೆಲಸ ನಡೆದಿದೆ. ಕೆರೆಯ ಮೇಲಿನ ಗುಡ್ಡದ ಒಂದು ಮಗ್ಗುಲು ಚಪ್ಪಟೆಯಾಗಿದೆ. ಅಲ್ಲಿದ್ದ ಹೊಲಗಳ ಗುರುತು ಸಿಗುವುದಿಲ್ಲ. ಅದನ್ನು ನೋಡುವಾಗ ಮನಸ್ಸು ಮುದುಡುತ್ತದೆ, ಇಲ್ಲವೆನ್ನಲಾರೆ. ಮಾವಶಿಯ ಮೈದುನ ಅಲ್ಲಿ ತೋಟದ ಮೇಲ್ವಿಚಾರಕ. ನನ್ನನ್ನು ಕಂಡರೆ ನಮಸ್ಕಾರ ಮಾಡುತ್ತಾನೆ.

ಕಳೆದ ಬೇಸಿಗೆಯಲ್ಲಿ ಹೋಗಿದ್ದೆ. ಮೊದಲು ಮುಗಿದ ಮನೆಗಳಿಗೆ ಬಂದವರು ಸಂಜೆ ಬಂಡಿ ದಾರಿಯಲ್ಲಿ ನಡೆಯುತ್ತಿದ್ದರು. ಎಮ್ಮೆಗಳು ಬಂದಾಗ ಬದಿಗೆ ಸರಿದು ನಿಲ್ಲುತ್ತಿದ್ದರು. ದಾರಿಯ ಕೆಳಗೆ ಹದಿನಾಲ್ಕು ಜನರ ಸೌತೆ ಬಳ್ಳಿ ಹಬ್ಬಿತ್ತು. ಹೊಸ ಮನೆಯಾಕೆಯೊಬ್ಬರು ಮಾವಶಿಯನ್ನು, "ಈ ಜಾಗ ಯಾರದು?" ಎಂದು ಕೇಳಿದರು. ಮಾವಶಿ ಸೊಂಟ ನೆಟ್ಟಗೆ ಮಾಡಿ, ನೀರಿನ ಕಡೆ ಕೈ ಬೀಸಿ, "ಕೆರೆಯದು. ನಾವು ಬೆಳೆಯುವವರು. ನೀವು ಕೊಳ್ಳುವವರು, ಬರ್ರಿ, ಕೂಡ್ರಿ," ಎಂದು ಮರಾಠಿಯಲ್ಲಿ ಶುರುಮಾಡಿ ಕನ್ನಡದಲ್ಲಿ ಮುಗಿಸಿ, ಬಳ್ಳಿಯಿಂದ ಒಂದು ಎಳೆ ಸೌತೆಕಾಯಿ ಕಿತ್ತು, ಸೆರಗಿಗೆ ಒರೆಸಿ, ಅವರ ಕೈಗಿಟ್ಟಳು.