ನಿಲ್ಲಿಸು ಅಂದವರು

ಗ್ಯಾರೇಜಿನ ಮುಂದೆ ಹಾಯುವಾಗ ಹಳೇ ಗೇರ್ ಆಯಿಲ್ ವಾಸನೆ ಬಂದರೆ ನಿಮಗೇನಾಗುತ್ತದೋ ತಿಳಿಯದು, ನನಗೆ ಕತ್ತಿನ ಹಿಂದೆ ತಣ್ಣಗಾಗುತ್ತದೆ. ಮೊನ್ನೆ ಹೊಸದುರ್ಗದಲ್ಲಿ ಹಾಗಾಯಿತು. ರುದ್ರೇಶ ಭಾವನ ಜೀಪು ನೆನಪಾಗಿ ಅಲ್ಲೇ ನಿಂತೆ.

ಭಾವ ನನ್ನ ಅಕ್ಕನ ಗಂಡ. ತೊಂಬತ್ತರ ದಶಕದ ಕೊನೆಗೆ ಚಿತ್ರದುರ್ಗದಲ್ಲಿ ಹಳೇ ಜೀಪೊಂದನ್ನು ಕೊಂಡಿದ್ದರು. ಎತ್ತೂ ಹತ್ತಲು ಒಲ್ಲದ ದಾರಿ ಹುಡುಕಿಕೊಂಡು ಹೋಗುವುದೇ ಅವರ ಭಾನುವಾರದ ಪೂಜೆ. ಪಕ್ಕದಲ್ಲಿ ಸದಾ ನಾನು; ಧೈರ್ಯ ಹೆಚ್ಚಾಗಿ ಅಲ್ಲ, ಅಕ್ಕ ಕಟ್ಟಿಕೊಡುತ್ತಿದ್ದ ಬುತ್ತಿಯ ಆಸೆಗೆ.

ಒಮ್ಮೆ ಜೋಗಿಮಟ್ಟಿ ಕಡೆಯ ಇಳಿಜಾರಿನಲ್ಲಿ ಹಿಂದೆ ಟಪ್ಪೆಂದು ಸದ್ದಾಗಿ ಜೀಪು ಒಂದು ಮಗ್ಗುಲಿಗೆ ಕುಸಿಯಿತು. ಅಷ್ಟರಲ್ಲಿ ಚಕ್ರವೊಂದು ನಮ್ಮನ್ನು ದಾಟಿ, ನೆಟ್ಟಗೆ ಉರುಳುತ್ತ ಮುಂದೆ ಹೋಯಿತು. ಅದು ನಮ್ಮದೇ ಎಂದು ಹೊಳೆಯಲು ಸ್ವಲ್ಪ ಹೊತ್ತು ಹಿಡಿಯಿತು. ಆಕ್ಸಲ್ ತುಂಡಾಗಿತ್ತು. ಚಕ್ರ ತಿರುವಿನಲ್ಲಿ ಮರೆಯಾಯಿತು. ಸಂಜೆಯವರೆಗೂ ಪೊದೆಗಳನ್ನೆಲ್ಲ ತಡಕಿದರೂ ಸಿಗಲಿಲ್ಲ.

ಭಾವ ಬಿಡುವವರಲ್ಲ. ಲೇತ್ ಅಂಗಡಿಯ ಮಾಬುಸಾಬರಿಂದ ಗಟ್ಟಿ ಉಕ್ಕಿನ ದಪ್ಪ ಆಕ್ಸಲ್‌ಗಳನ್ನು ಮಾಡಿಸಿದರು. ಮಳೆಗಾಲ ಮುಗಿಯುತ್ತಿದ್ದಂತೆ ಮನೆ ಮುಂದೆಯೇ ಕೂರಿಸಿದೆವು. ಆಕ್ಸಲ್ ತುದಿಯ ಹಲ್ಲುಗಳು ಕಣ್ಣಿಗೆ ಕಾಣದ ಕಡೆ, ಒಳಗಿನ ಗೇರಿನಲ್ಲಿ ಕೂರಬೇಕು. ಮೆಲ್ಲಗೆ ತಿರುಗಿಸುತ್ತ ತಳ್ಳುತ್ತಿದ್ದೆ. ಒಳಗಿಂದ ಯಾರೋ ಎಳೆದುಕೊಂಡ ಹಾಗೆ ಸರಕ್ಕನೆ ಹೋಯಿತು. ಕೈ ಬಿಟ್ಟೆ.

“ಏನಪ್ಪ, ಹೆದರ್ಕಂಡಾ?” ಭಾವ ನಕ್ಕರು.

“ಇಲ್ಲ ಭಾವ, ಎಣ್ಣೆ ಜಾಸ್ತಿ ಐತೆ.”

“ನಡಿ, ಅದೇ ದಾರಿಗೆ ಹೋಗಾಣ.”

ನೆತ್ತಿಯ ಮೇಲೆ ಬಿಸಿಲು. ಹಿಂದಿನ ದಿನದ ಮಳೆಗೆ ಮಣ್ಣು ಹಸಿಯಾಗಿತ್ತು. ಒಂದು ಹಕ್ಕಿಯ ದನಿಯೂ ಇಲ್ಲ. ಆಕ್ಸಲ್ ಮುರಿದಿದ್ದ ಜಾಗ ದಾಟಿದ್ದೇ, ಮುಂದೆ ಒಂದೇ ಒಂದು ಚಕ್ರದ ಗುರುತು ಕಂಡಿತು, ಆಗ ತಾನೇ ಮೂಡಿದಂತೆ. ಸೈಕಲ್ಲಿನದಲ್ಲ, ನಮ್ಮ ಟೈರಿನ ಅಗಲ, ನಮ್ಮ ಟೈರಿನ ಅಚ್ಚು. ಹೇಳೋಣವೆಂದರೆ ನಾಲಿಗೆ ಏಳಲಿಲ್ಲ.

ತಿರುವಿನ ಹತ್ತಿರ ಭಾವ ಗಕ್ಕನೆ ಬ್ರೇಕ್ ಒತ್ತಿದರು. ಇಳಿದು ನಡೆದು ನೋಡಿದರೆ ತಿರುವಿನಾಚೆ ದಾರಿಯೇ ಇಲ್ಲ. ಮಳೆಗೆ ಕುಸಿದು, ಆಳದಲ್ಲಿ ಬರೀ ಬಂಡೆಗಳು. ಚಕ್ರದ ಗುರುತು ಅಂಚಿನವರೆಗೂ ಹೋಗಿರಲಿಲ್ಲ. ನಮ್ಮ ಜೀಪು ನಿಂತ ಕಡೆಯೇ ಮುಗಿದಿತ್ತು.

ಜೀಪು ತಿರುಗಿಸಿಕೊಂಡು ವಾಪಸು ಬಂದೆವು. ಅಕ್ಕನಿಗೆ ಇಬ್ಬರೂ ಹೇಳಲಿಲ್ಲ. ಆಮೇಲೆ ಜೀಪು ಹಿರಿಯೂರಿನ ಯಾರದೋ ಪಾಲಾಯಿತು. ಆ ಗುರುತು ಕಂಡೇ ಭಾವ ನಿಲ್ಲಿಸಿದರೆಂದು ಇಷ್ಟು ವರ್ಷ ನಂಬಿಕೊಂಡಿದ್ದೆ. ಮೊನ್ನೆ ತಡೆಯಲಾರದೆ ಫೋನ್ ಮಾಡಿ ಕೇಳಿದೆ.

“ಯಾವ ಗುರುತು? ನಾನೇನೂ ನೋಡ್ಲಿಲ್ಲಪ್ಪ,” ಅಂದರು. “ನೀನೇ ಕಿವಿ ಹತ್ರ ‘ಲೇ, ನಿಲ್ಸೋ’ ಅಂದ್ಯಲ್ಲ. ಪಾಪ, ಹೆದ್ರಿಕೆಗೆ ಮರ್ಯಾದೆ ಮರ್ತಾನೆ ಅಂತ ಸುಮ್ನಾದೆ.”

ಆ ತಿರುವಿನಲ್ಲಿ ನಾನು ಬಾಯಿಯನ್ನೇ ತೆರೆದಿರಲಿಲ್ಲ. ಭಾವನನ್ನು ಏಕವಚನದಲ್ಲಿ ನಾನು ಎಂದೂ ಕರೆದವನಲ್ಲ.

“ತಪ್ಪಾಯ್ತು ಭಾವ,” ಅಂದೆ.

ಅವರು ನಕ್ಕರು. ಎಪ್ಪತ್ತು ಸಮೀಪಿಸಿದವರ ನಿಶ್ಚಿಂತೆಯ ನಗು. ಅದು ಹಾಗೇ ಇರಲಿ ಅನ್ನಿಸಿತು.